ಫೈಟರ್‌ನ ಸರದಿ ಬಂದಾಗ ಅವನಿಗೆ ಏನು ಕೆಲಸ?

ಓದುಗರ ಪ್ರಶ್ನೆ: ಸರ್, ನಾವು ಆರು ಜನ ಮೈಸೂರಿನಲ್ಲಿ ಪ್ರತಿ ಶನಿವಾರ ರಾತ್ರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಸಾಗುವ ಕಥೆಯಾಟ. ಬಳಸುವುದು 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ನಿಯಮಗಳನ್ನು. ಕಥೆ ನಡೆಸಿ, ಶತ್ರುಗಳನ್ನು ಆಡಿಸುವವಳು ನಾನು. ನನ್ನ ತಮ್ಮನದು ಫೈಟರ್, ಅಂದರೆ ಯೋಧನ ಪಾತ್ರ. ಮೂರನೆಯ ಲೆವೆಲ್ (ಅನುಭವದ ಮೆಟ್ಟಿಲು), ಸ್ಟ್ರೆಂತ್ (ಮೈಬಲ) 14. ಹೋರಾಟ ಶುರುವಾದ ಕೂಡಲೇ ಗೆಳತಿಯ ಮ್ಯಾಜಿಕ್-ಯೂಸರ್ (ಮಂತ್ರವಾದಿ) ನಿದ್ದೆ ಬರಿಸುವ ಸ್ಲೀಪ್ ಮಂತ್ರ ಹಾಕುತ್ತಾಳೆ, ಗಾಬ್ಲಿನ್ ಎಂಬ ಪುಟ್ಟ ದುಷ್ಟಜೀವಿಗಳು ಸಾಲಾಗಿ ಮಲಗುತ್ತವೆ. ತಮ್ಮ ದಾಳ ಉರುಳಿಸುತ್ತಾನೆ, ಏಟು ತಪ್ಪುತ್ತದೆ. ಮತ್ತೆ ಉರುಳಿಸುತ್ತಾನೆ, ಮತ್ತೆ ತಪ್ಪುತ್ತದೆ. ಹೋದ ವಾರ ತನ್ನ ಸರದಿ ಬಂದಾಗ ಮೊಬೈಲ್‌ನಿಂದ ತಲೆ ಎತ್ತದೆ, “ಅಕ್ಕಾ, ನನ್ನ ದಾಳವನ್ನೂ ನೀನೇ ಹಾಕಿಬಿಡು” ಎಂದ. ಏಟು ತಾಗುವ ಲೆಕ್ಕಕ್ಕೆ ಒಂದು ಸೇರಿಸಿ ಕೊಟ್ಟೆ. ಹಿಟ್ ಪಾಯಿಂಟ್‌ಗೆ, ಅಂದರೆ ಪೆಟ್ಟು ತಡೆಯುವ ಜೀವಾಂಕಕ್ಕೆ, ಎಂಟು ಮುಖದ ದಾಳದ ಬದಲು ಹತ್ತು ಮುಖದ್ದನ್ನು ಕೊಟ್ಟೆ. ಏನೂ ಬದಲಾಗಲಿಲ್ಲ. ಈಗ 1985ರ ಪುಸ್ತಕದ ವೆಪನ್ ಸ್ಪೆಷಲೈಸೇಷನ್ (ಒಂದೇ ಆಯುಧದಲ್ಲಿ ವಿಶೇಷ ಪರಿಣತಿ) ಬೇಕೆಂದು ಹಟ ಹಿಡಿದಿದ್ದಾನೆ. ಥೀಫ್ ಪಾತ್ರ ಆಡುವ ಗೆಳೆಯ ಅದನ್ನು ಒಪ್ಪುತ್ತಿಲ್ಲ. ಇನ್ನೂ ಒಂದು ಮಾತು: ಲೆಕ್ಕ ಹೆಚ್ಚಾಗುತ್ತದೆಂದು ಹೊತ್ತ ಭಾರದಿಂದ ನಿಧಾನವಾಗುವ ಹೊರೆಯ ನಿಯಮವನ್ನೂ ಶತ್ರುಗಳ ಧೈರ್ಯ ಅಳೆಯುವ ಮೊರೇಲ್ ನಿಯಮವನ್ನೂ ಬಿಟ್ಟಿದ್ದೇವೆ. ಒಂದು ರಾತ್ರಿಗೆ ಒಂದು ದೊಡ್ಡ ಹೋರಾಟ ಇರುತ್ತದೆ. ಫೈಟರ್‌ಗೆ ಯಾವ ಮನೆ ನಿಯಮ ಮಾಡಿಕೊಂಡರೆ ಒಳ್ಳೆಯದು? ಅದನ್ನು ನಮ್ಮ ಗುಂಪಿನ ಡ್ವಾರ್ಫ್‌ಗೂ (ಕುಳ್ಳ ಯೋಧನ ಪಾತ್ರ) ಕೊಡಬೇಕೆ?

ಉತ್ತರ:

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ತಮ್ಮನ ಆ ಒಂದು ಮಾತು: “ನನ್ನ ದಾಳವನ್ನೂ ನೀನೇ ಹಾಕಿಬಿಡು.” ಇಪ್ಪತ್ತು ವರ್ಷಗಳಿಗೂ ಮೇಲಾಗಿ ಈ ಆಟ ಆಡಿಸುತ್ತಿದ್ದೇನೆ. ಇದೇ ಮಾತನ್ನು ಬೇರೆ ಬೇರೆ ಬಾಯಿಂದ ಕೇಳಿದ್ದೇನೆ, ಹೆಚ್ಚಿನ ಸಲ ಫೈಟರ್ ಆಡುವವರ ಬಾಯಿಂದಲೇ. ಅವನು ದೂರುತ್ತಿರುವುದು ಸೋಲನ್ನಲ್ಲ. ತನ್ನ ಸರದಿಯಲ್ಲಿ ತಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬುದು ಅವನ ದೂರು. ದಾಳವನ್ನು ಯಾರು ಬೇಕಾದರೂ ಉರುಳಿಸಬಹುದು ಎಂದಾದ ಮೇಲೆ ಅವನು ಅಲ್ಲಿ ಕೂತಿರುವುದು ಏಕೆ? ನಿಮ್ಮ ಚಿಂತೆಯನ್ನು ನಾನು ಓದಿಕೊಂಡಿದ್ದು ಹೀಗೆ: ಫೈಟರ್‌ಗೆ ಬಲ ಕಡಿಮೆಯೋ, ಕೆಲಸ ಕಡಿಮೆಯೋ? ಇವೆರಡೂ ಬೇರೆ ಬೇರೆ ರೋಗಗಳು, ಮದ್ದೂ ಬೇರೆ.

ಮೊದಲು ನೀವು ಕೊಟ್ಟ ಆ “ಒಂದು” ಏಕೆ ಕಾಣಿಸಲಿಲ್ಲ ಎಂಬುದನ್ನು ನೋಡೋಣ. 1981ರ ನಿಯಮದಲ್ಲಿ ಮೂರನೆಯ ಲೆವೆಲ್‌ನ ಫೈಟರ್‌ನ ಥ್ಯಾಕೋ, ಅಂದರೆ ಆರ್ಮರ್ ಕ್ಲಾಸ್ (ರಕ್ಷಣೆಯ ಅಂಕಿ) ಸೊನ್ನೆ ಇರುವ ಶತ್ರುವಿಗೆ ಏಟು ತಾಗಲು ದಾಳದಲ್ಲಿ ಬೀಳಬೇಕಾದ ಅಂಕಿ, 19. ಗಾಬ್ಲಿನ್‌ನ ಆರ್ಮರ್ ಕ್ಲಾಸ್ 6. 19ರಲ್ಲಿ 6 ಕಳೆದರೆ 13, ಇಪ್ಪತ್ತು ಮುಖದ ದಾಳದಲ್ಲಿ ಅಷ್ಟು ಅಥವಾ ಹೆಚ್ಚು ಬೀಳಬೇಕು. ಸ್ಟ್ರೆಂತ್ 14ರ ಕಾರಣ ಒಂದು ಸೇರಿ 12 ಸಾಕು. ನೂರಕ್ಕೆ 45ರಷ್ಟು ಏಟು ತಾಗುತ್ತದೆ. ನಿಮ್ಮ ಕೊಡುಗೆ ಸೇರಿದರೆ ಅದು 50 ಆಗುತ್ತದೆ, ಅಂದರೆ ಇಪ್ಪತ್ತು ಏಟಿಗೆ ಒಂದು ಹೆಚ್ಚು. ನಿಮ್ಮಲ್ಲಿ ಒಂದು ಹೋರಾಟ ಎಂಟು ರೌಂಡ್ (ರೌಂಡ್‌ಗೆ ಎಲ್ಲರಿಗೂ ಒಂದೊಂದು ಸರದಿ) ನಡೆಯುತ್ತದೆ ಎಂದುಕೊಂಡರೂ ಆ ಒಂದು ಹೆಚ್ಚಿನ ಏಟು ಬೀಳಲು ಎರಡೂವರೆ ಶನಿವಾರ ಬೇಕು. ಬಿದ್ದಾಗಲೂ ಅದು ನೀವು ಕೊಟ್ಟದ್ದರಿಂದಲೇ ಬಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ಹತ್ತು ಮುಖದ ದಾಳದ ಕಥೆಯೂ ಇಷ್ಟೇ. ಲೆವೆಲ್‌ಗೆ ಸರಾಸರಿ ಒಂದು ಹಿಟ್ ಪಾಯಿಂಟ್ ಹೆಚ್ಚುತ್ತದೆ. ಅವನು ಇನ್ನೊಂದು ರೌಂಡ್ ಹೆಚ್ಚು ಹೊತ್ತು ನಿಂತು ಬೇಸರಪಡಬಹುದು, ಅಷ್ಟೆ.

ಈಗ ಜನಜನಿತವಾದ ಒಂದು ತಪ್ಪು ತಿಳಿವಳಿಕೆ. “ಹಳೆಯ ಆಟಗಳಲ್ಲಿ ಫೈಟರ್ ಇದ್ದದ್ದೇ ಹಾಗೆ, ಹೊಸಬರಿಗೆ ಕೊಡುವ ಸುಲಭದ ಪಾತ್ರ” ಎನ್ನುತ್ತಾರೆ. ಇದು ನಿಜವಲ್ಲ. ಈ ಆಟದ ಬೇರು ಇರುವುದು ಯುದ್ಧದ ಆಟಗಳಲ್ಲಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಅವರು ಜೆಫ್ ಪೆರೆನ್ ಅವರೊಂದಿಗೆ 1971ರಲ್ಲಿ ತಂದ ಚೈನ್‌ಮೇಲ್ ಎಂಬ ಗೊಂಬೆಯುದ್ಧದ ನಿಯಮಗಳಲ್ಲಿ “ಹೀರೊ” ಒಬ್ಬನೇ ನಾಲ್ವರು ಸೈನಿಕರಿಗೆ ಸಮ, “ಸೂಪರ್‌ಹೀರೊ” ಎಂಟು ಜನರಿಗೆ ಸಮ. 1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ ನಾಲ್ಕನೆಯ ಲೆವೆಲ್‌ನ ಫೈಟಿಂಗ್-ಮ್ಯಾನ್‌ಗೆ ಹೀರೊ ಎಂದೂ ಎಂಟನೆಯದಕ್ಕೆ ಸೂಪರ್‌ಹೀರೊ ಎಂದೂ ಬಿರುದು ಕೊಟ್ಟಿದ್ದು ಈ ಲೆಕ್ಕದಿಂದಲೇ. 1978ರ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಅದೇ ಯೋಚನೆ ಇನ್ನೊಂದು ರೂಪದಲ್ಲಿ ಉಳಿಯಿತು: ಒಂದು ಹಿಟ್ ಡೈಸ್‌ಗಿಂತ (ಜೀವಿಯ ಬಲದ ಅಳತೆ) ಕೆಳಗಿನ ಗಾಬ್ಲಿನ್‌ನಂಥ ಶತ್ರುಗಳ ಮೇಲೆ ಫೈಟರ್‌ಗೆ ಲೆವೆಲ್‌ಗೊಂದರಂತೆ ಏಟು. ಐದನೆಯ ಲೆವೆಲ್ ಆಗಿದ್ದರೆ ಒಂದೇ ರೌಂಡ್‌ನಲ್ಲಿ ಐದು ಏಟು. ಕಿರಿಯ ಶತ್ರುಗಳ ಗುಂಪಿನ ನಡುವೆ ಹಾದು ಹೋಗುವ ವೀರ, ಇದೇ ಫೈಟರ್‌ನ ಮೂಲ ಚಿತ್ರ.

1981ರ ಪುಸ್ತಕ ನಾನು ತುಂಬ ಪ್ರೀತಿಸುವ ಪುಸ್ತಕ. ಅಷ್ಟು ಕಡಿಮೆ ಪುಟಗಳಲ್ಲಿ ಅಷ್ಟು ಸ್ಪಷ್ಟವಾಗಿ ಆಟ ಹೇಳಿಕೊಟ್ಟ ಇನ್ನೊಂದು ಪುಸ್ತಕ ನನಗೆ ಸಿಕ್ಕಿಲ್ಲ. ಆದರೆ ಆ ಅಡಕದಲ್ಲಿ ಫೈಟರ್ ಕಳೆದುಕೊಂಡದ್ದು ಹೆಚ್ಚು. ಹಲವು ಏಟುಗಳ ಆ ನಿಯಮ ಇಲ್ಲಿ ಇಲ್ಲ. ಅದಕ್ಕಿಂತ ನೋವಿನ ಸಂಗತಿ, ಮೊದಲ ಮೂರು ಲೆವೆಲ್‌ಗಳಲ್ಲಿ ಫೈಟರ್, ಕ್ಲೆರಿಕ್ (ಪುರೋಹಿತ), ಥೀಫ್, ಮ್ಯಾಜಿಕ್-ಯೂಸರ್ ಎಲ್ಲರ ಥ್ಯಾಕೋ ಒಂದೇ: 19. ಕೋಲು ಹಿಡಿದ ಮಂತ್ರವಾದಿಗೂ ಬಾಲ್ಯದಿಂದ ಕತ್ತಿ ತಿರುಗಿಸಿದವನಿಗೂ ಏಟು ತಾಗುವ ಸಾಧ್ಯತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ನಾಲ್ಕನೆಯ ಲೆವೆಲ್‌ಗೆ, ಅಂದರೆ 8000 ಅನುಭವದ ಅಂಕಗಳಿಗೆ ಮುಟ್ಟಿದಾಗ ಮಾತ್ರ ಫೈಟರ್‌ನ ಥ್ಯಾಕೋ 17ಕ್ಕೆ ಇಳಿಯುತ್ತದೆ. ನಿಮ್ಮ ತಮ್ಮ ಸಿಕ್ಕಿಕೊಂಡಿರುವುದು ಸರಿಯಾಗಿ ಈ ಬರಡು ನೆಲದಲ್ಲಿ. ಅವನ ದೂರು ನ್ಯಾಯವಾದದ್ದು, ಅದನ್ನು ಅವನಿಗೆ ಹೇಳಿ.

ಪುಸ್ತಕ ಕಳೆದದ್ದು ಅಷ್ಟು. ನಿಮ್ಮ ಮೇಜು ಕಳೆದದ್ದು ಇನ್ನಷ್ಟು. ಬೇಸರಿಸಬೇಡಿ, ನಾನೂ ಮೊದಲ ನಾಲ್ಕು ವರ್ಷ ಇದನ್ನೇ ಮಾಡಿದ್ದೆ.

ಹೊರೆಯ ನಿಯಮ ಬಿಟ್ಟದ್ದು ಫೈಟರ್‌ಗೆ ನಷ್ಟವಲ್ಲ. ಲೋಹದ ಕವಚ ತೊಟ್ಟು ನಿಧಾನವಾಗುವವನು ಅವನೇ ಆದ್ದರಿಂದ ಒಂದು ರೀತಿಯಲ್ಲಿ ಲಾಭವೇ. ಅದನ್ನು ಈಗಲೇ ಮರಳಿ ತರಬೇಕೆಂದಿಲ್ಲ. ಆದರೆ ಮೊರೇಲ್ ಬಿಟ್ಟದ್ದು ದೊಡ್ಡ ನಷ್ಟ. ಪುಸ್ತಕದಲ್ಲಿ ಅದರ ಮುಂದೆ ಐಚ್ಛಿಕ ಎಂದು ಬರೆದಿರುವುದರಿಂದ ಬಹಳ ಜನ ಅದನ್ನು ದಾಟಿ ಹೋಗುತ್ತಾರೆ. ಲೆಕ್ಕ ಮಾತ್ರ ತೀರಾ ಸರಳ. ಶತ್ರುಪಕ್ಷದಲ್ಲಿ ಮೊದಲನೆಯವನು ಸತ್ತಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ ಎರಡು ಆರು ಮುಖದ ದಾಳ ಉರುಳಿಸಿ. ಬಂದ ಮೊತ್ತ ಮೊರೇಲ್ ಅಂಕಿಗಿಂತ ಹೆಚ್ಚಾದರೆ ಅವರ ಎದೆ ಒಡೆಯಿತು. ಓಡುತ್ತಾರೆ ಅಥವಾ ಶರಣಾಗುತ್ತಾರೆ. ಸಾಮಾನ್ಯ ಗಾಬ್ಲಿನ್‌ನ ಅಂಕಿ 7. ಎರಡು ದಾಳದಲ್ಲಿ 8 ಅಥವಾ ಹೆಚ್ಚು ಬೀಳುವ ಸಾಧ್ಯತೆ 36ರಲ್ಲಿ 15, ನೂರಕ್ಕೆ ಸುಮಾರು 42. ಇದರ ಅರ್ಥವೇನು ನೋಡಿ. ನಿಮ್ಮ ತಮ್ಮ ಹತ್ತು ಗಾಬ್ಲಿನ್‌ಗಳಲ್ಲಿ ಮೊದಲನೆಯದನ್ನು ಕಡಿದು ಹಾಕಿದರೆ ಹತ್ತಿರ ಹತ್ತಿರ ಅರ್ಧ ಸಲ ಉಳಿದ ಒಂಬತ್ತೂ ಓಡುತ್ತವೆ. ಮೊರೇಲ್ ಇಲ್ಲದ ಮೇಜಿನಲ್ಲಿ ಅದೇ ಏಟಿನ ಬೆಲೆ ಹತ್ತರಲ್ಲಿ ಒಂದು ಮಾತ್ರ. ಒಂದು ಹೊಸ ನಿಯಮವನ್ನೂ ಸೇರಿಸದೆ ಫೈಟರ್‌ನ ಏಟಿಗೆ ಇಷ್ಟು ತೂಕ ಕೊಡಬಹುದು.

ಎರಡನೆಯದು, ರಾತ್ರಿಗೊಂದು ಹೋರಾಟ. ನಿಮ್ಮ ಗೆಳತಿಯ ಮೇಲೆ ಯಾರೂ ಕೋಪ ಮಾಡಿಕೊಳ್ಳಬಾರದು. ಅವಳು ಸರಿಯಾಗಿಯೇ ಆಡುತ್ತಿದ್ದಾಳೆ. ಸ್ಲೀಪ್ ಮಂತ್ರ 2ರಿಂದ 16 ಹಿಟ್ ಡೈಸ್‌ನಷ್ಟು ಜೀವಿಗಳನ್ನು ಮಲಗಿಸುತ್ತದೆ, ಸರಾಸರಿ ಒಂಬತ್ತು. ಮೂರನೆಯ ಲೆವೆಲ್‌ನಲ್ಲಿ ಅವಳಿಗೆ ದಿನಕ್ಕೆ ಇರುವುದು ಮೊದಲ ದರ್ಜೆಯ ಎರಡು ಮಂತ್ರ, ಎರಡನೆಯ ದರ್ಜೆಯ ಒಂದು. ದಿನಕ್ಕೆ ಒಂದೇ ಹೋರಾಟವಾದರೆ ಮೂರನ್ನೂ ಅಲ್ಲಿಯೇ ಸುರಿಯುತ್ತಾಳೆ. ಸುರಿಯದಿದ್ದರೆ ಅವಳೇ ದಡ್ಡಿ. ಹಳೆಯ ಡಂಜನ್, ಅಂದರೆ ಸಾಹಸ ನಡೆಯುವ ನೆಲದಡಿಯ ಕೋಣೆ-ಓಣಿಗಳು, ಕಟ್ಟಿರುವುದು ಬೇರೆ ಲೆಕ್ಕದ ಮೇಲೆ. ಎರಡು ಟರ್ನ್‌ಗೊಮ್ಮೆ, ಅಂದರೆ ಕಥೆಯೊಳಗಿನ ಇಪ್ಪತ್ತು ನಿಮಿಷಕ್ಕೊಮ್ಮೆ, ಆರರಲ್ಲಿ ಒಂದು ಸಾಧ್ಯತೆಯಲ್ಲಿ ಅಲೆಮಾರಿ ಶತ್ರುಗಳು ಎದುರಾಗಬೇಕು. ಟಾರ್ಚ್ ಉರಿದು ಮುಗಿಯಬೇಕು. ಮುಂದಿನ ಬಾಗಿಲ ಹಿಂದೆ ಏನಿದೆಯೋ ಎಂಬ ಅಳುಕಿನಲ್ಲಿ ಅವಳು ಮಂತ್ರವನ್ನು ಬಿಗಿಹಿಡಿಯಬೇಕು. ಅಂಥ ದಿನದ ಮೂರನೆಯ, ನಾಲ್ಕನೆಯ ಹೋರಾಟದಲ್ಲಿ ಖಾಲಿಯಾಗದೆ ಉಳಿಯುವುದು ಕತ್ತಿ ಒಂದೇ. ಒಂದು ದೊಡ್ಡ ಹೋರಾಟವನ್ನು ಒಡೆದು ಮೂರು ಸಣ್ಣದು ಮಾಡಿ. ಸಮಯ ಹೆಚ್ಚು ಬೇಕಾಗುವುದಿಲ್ಲ. ಮೊರೇಲ್ ಇದ್ದರೆ ಸಣ್ಣ ಹೋರಾಟಗಳು ಹತ್ತೇ ನಿಮಿಷದಲ್ಲಿ ಮುಗಿಯುತ್ತವೆ.

ಕವಚದ ಮಾತೂ ಇಲ್ಲಿಯೇ ಬರಲಿ. ಗಾಬ್ಲಿನ್ ಒಂದು ಕವಚವಿಲ್ಲದ ಮಂತ್ರವಾದಿಯ ಮೇಲೆ ಕೈಮಾಡಿದರೆ ನೂರಕ್ಕೆ 55 ಸಲ ತಾಗುತ್ತದೆ. ಪ್ಲೇಟ್ ಕವಚ ಮತ್ತು ಗುರಾಣಿ ಇರುವ ನಿಮ್ಮ ತಮ್ಮನ ಮೇಲೆ 20 ಸಲ. ಆದರೆ ನಿಮ್ಮ ಗಾಬ್ಲಿನ್‌ಗಳು ಮಂತ್ರವಾದಿಯ ಹತ್ತಿರ ಸುಳಿಯುವುದೇ ಇಲ್ಲವಾದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅವು ಹಿಂದಿನಿಂದಲೂ ಬರಲಿ, ಪಕ್ಕದ ಓಣಿಯಿಂದಲೂ ಬರಲಿ. “ನಾನು ಅಡ್ಡ ನಿಲ್ಲುತ್ತೇನೆ” ಎಂದು ಹೇಳುವ ಸಂದರ್ಭ ಅವನಿಗೆ ಸಿಗಲಿ.

ಇನ್ನು ಕತ್ತಿ. ಕಳೆದ ಆರು ತಿಂಗಳಲ್ಲಿ ನೀವು ಅಡಗಿಸಿಟ್ಟ ನಿಧಿಗಳ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಪುಸ್ತಕದ ಕೋಷ್ಟಕದಲ್ಲಿ ದಾಳ ಹಾಕಿದರೆ ನೂರು ಮಾಯಾವಸ್ತುಗಳಲ್ಲಿ ಇಪ್ಪತ್ತು ಕತ್ತಿಗಳೇ ಬರುತ್ತವೆ. ಮಂತ್ರವಾದಿಯೂ ಕ್ಲೆರಿಕ್ಕೂ ಅವನ್ನು ಮುಟ್ಟುವಂತಿಲ್ಲ. ಅವುಗಳಲ್ಲಿ ಕೆಲವು ಬುದ್ಧಿಯುಳ್ಳ ಕತ್ತಿಗಳು: ಗುಪ್ತ ಬಾಗಿಲನ್ನು ಪತ್ತೆ ಮಾಡುವಂಥವು, ರತ್ನದ ಸುಳಿವು ಕೊಡುವಂಥವು, ತಮ್ಮದೇ ಹಟ ಇರುವಂಥವು. ಫೈಟರ್‌ಗೆ ಮಂತ್ರಶಕ್ತಿ ಬರಬೇಕಿದ್ದ ದಾರಿ ಅದು. ಆಡಿಸುವವರು ನಿಧಿಯನ್ನು ಕೈಯಾರೆ ಆರಿಸಿ ಇಡುವಾಗ ಮಂತ್ರದ ಸುರುಳಿ, ಕೋಲು, ಉಂಗುರಗಳೇ ಹೆಚ್ಚು ಸ್ವಾರಸ್ಯವೆನಿಸಿ ಕತ್ತಿ ಹಿಂದೆ ಬೀಳುತ್ತದೆ. ನನ್ನ ಹಳೆಯ ನೋಟ್‌ಬುಕ್ ತೆಗೆದು ಎಣಿಸಿದಾಗ ಒಂದು ಇಡೀ ವರ್ಷದ ಆಟದಲ್ಲಿ ನಾನು ಇಟ್ಟಿದ್ದು ಒಂದೇ ಒಂದು ಕತ್ತಿ. ಆ ವರ್ಷ ನನ್ನ ಫೈಟರ್ ಆಟಗಾರ ಆಟವನ್ನೇ ಬಿಟ್ಟು ಹೋಗಿದ್ದ.

ಇಷ್ಟನ್ನು ಸರಿಪಡಿಸಿದರೂ ಒಂದು ಕೊರತೆ ಉಳಿಯುತ್ತದೆ. ಸರದಿ ಬಂದಾಗ ಯೋಚಿಸಿ ಆರಿಸಿಕೊಳ್ಳುವಂಥದ್ದು ಅವನಿಗೆ ಏನೂ ಇಲ್ಲ. ಮನೆ ನಿಯಮ ಬೇಕಾಗುವುದು ಇಲ್ಲಿ. ಇದರಲ್ಲಿ ಹಿಂಜರಿಕೆಯ ಅಗತ್ಯವಿಲ್ಲ. ಚೌಕಾಬಾರ ಆಡಿದವರಿಗೆ ಗೊತ್ತು, ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎಂದು ಒಂದು ಮನೆಯಲ್ಲಿ, ಹೋಗಬಹುದು ಎಂದು ಪಕ್ಕದ ಮನೆಯಲ್ಲಿ. ಆಟ ಎರಡೂ ಕಡೆ ಚೌಕಾಬಾರವೇ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟಿ ಒಂದೇ ವರ್ಷಕ್ಕೆ, 1975ರ ಗ್ರೇಹಾಕ್ ಪುರವಣಿಯಲ್ಲಿ ಫೈಟರ್‌ನ ಹಿಟ್ ಪಾಯಿಂಟ್ ದಾಳ ಆರು ಮುಖದಿಂದ ಎಂಟಕ್ಕೆ ಏರಿತು, ಆಯುಧಕ್ಕೊಂದು ಬೇರೆ ದಾಳ ಬಂತು, ಸ್ಟ್ರೆಂತ್ 18 ಇರುವ ಫೈಟರ್‌ಗೆ ಮಾತ್ರ ಮತ್ತೂ ಮೇಲಿನ ಶೇಕಡಾ ಬಲ ಸಿಕ್ಕಿತು. ಫೈಟರ್‌ನನ್ನು ತಿದ್ದುವ ಕೆಲಸ ಆಟದಷ್ಟೇ ಹಳೆಯದು.

ತಮ್ಮ ಕೇಳುತ್ತಿರುವ ವೆಪನ್ ಸ್ಪೆಷಲೈಸೇಷನ್ನಿಂದಲೇ ಶುರು ಮಾಡುತ್ತೇನೆ. ಅದು 1985ರ ಅನ್‌ಅರ್ತ್ಡ್ ಅರ್ಕಾನಾ ಪುಸ್ತಕದ್ದು, ಬರೆದದ್ದು ಅಡ್ವಾನ್ಸ್ಡ್ ಆವೃತ್ತಿಗೆ. ನಿಮ್ಮದು ಬೇರೆ ಸಾಲಿನ ಆಟ. ಒಂದು ಆಯುಧವನ್ನು ಆರಿಸಿಕೊಂಡರೆ ತಾಗುವುದಕ್ಕೆ ಒಂದು, ಪೆಟ್ಟಿಗೆ ಎರಡು ಸೇರುತ್ತದೆ, ಎರಡು ರೌಂಡ್‌ಗೆ ಮೂರು ಏಟು ಸಿಗುತ್ತದೆ. ಇಮ್ಮಡಿ ಮಾಡಿಕೊಂಡರೆ ಎರಡಕ್ಕೂ ಮೂರು ಮೂರು. ನಿಮ್ಮ ಮೇಜಿಗೆ ಹಚ್ಚಿ ನೋಡೋಣ. ಈಗ ಅವನ ಕತ್ತಿ ಗಾಬ್ಲಿನ್ ಮೇಲೆ ರೌಂಡ್‌ಗೆ ಸರಾಸರಿ ಎರಡೂವರೆ ಹಿಟ್ ಪಾಯಿಂಟ್ ಪೆಟ್ಟು ಕೊಡುತ್ತದೆ. ಸ್ಪೆಷಲೈಸೇಷನ್ ಕೊಟ್ಟರೆ ಅದು 5.6. ಇಮ್ಮಡಿಗೆ 7.6. ಅದೇ ಕತ್ತಿ ಹಿಡಿದ, ಸ್ಟ್ರೆಂತ್‌ನ ಬೆಂಬಲವಿಲ್ಲದ ಥೀಫ್ ನಿಂತಲ್ಲೇ ನಿಂತಿರುತ್ತಾನೆ: 1.8. ನಿಮ್ಮ ಗೆಳೆಯನ ಆಕ್ಷೇಪಣೆ ಹೊಟ್ಟೆಕಿಚ್ಚಲ್ಲ, ಲೆಕ್ಕ ಸರಿಯಾಗಿದೆ. ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಅದನ್ನು ಸರಿತೂಗಿಸಲು ನೀವು ಶತ್ರುಗಳ ಹಿಟ್ ಪಾಯಿಂಟ್ ಏರಿಸುತ್ತೀರಿ, ಆಗ ಥೀಫ್ ಇನ್ನೂ ಕೆಳಗೆ ಹೋಗುತ್ತಾನೆ.

ಆದರೂ ನನಗೆ ಈ ನಿಯಮ ಹಿಡಿಸದಿರಲು ಕಾರಣ ಅಂಕಿಯಲ್ಲ. ಅದು ಆಯ್ಕೆಯನ್ನು ಒಮ್ಮೆ, ಪಾತ್ರ ಕಟ್ಟುವ ದಿನವೇ ಮುಗಿಸಿಬಿಡುತ್ತದೆ. ಆಮೇಲೆ ಸರದಿ ಬಂದಾಗ ಅದೇ ಕತ್ತಿ, ಅದೇ ಏಟು, ಅದೇ ಮೊಬೈಲ್. ಜೊತೆಗೆ, ಉದ್ದ ಕತ್ತಿಗೆ ಮೀಸಲಾದವನಿಗೆ ಮುಂದೆ ಒಂದು ಅಪರೂಪದ ಮಾಯಾಕೊಡಲಿ ಸಿಕ್ಕರೆ ಅವನು ಅದನ್ನು ಪಕ್ಕಕ್ಕಿಡುತ್ತಾನೆ. ನಿಧಿ ಸಿಕ್ಕಾಗಿನ ಸಂತೋಷವನ್ನೇ ಈ ನಿಯಮ ತಿಂದುಹಾಕುವುದನ್ನು ನಾನು ಎರಡು ಗುಂಪುಗಳಲ್ಲಿ ನೋಡಿದ್ದೇನೆ.

ನಾನು ಮೊದಲು ಹೇಳುವ ಮದ್ದು ಕ್ಲೀವ್, ಅಂದರೆ ಒಬ್ಬನನ್ನು ಕೊಂದ ಏಟು ಪಕ್ಕದವನ ಮೇಲೂ ಹರಿಯುವುದು. ಫೈಟರ್ ಒಂದು ಏಟಿನಲ್ಲಿ ಶತ್ರುವನ್ನು ಬೀಳಿಸಿದರೆ ಕೈಗೆಟಕುವ ಇನ್ನೊಬ್ಬನ ಮೇಲೆ ಆಗಲೇ ಮತ್ತೊಂದು ಏಟು. ಒಂದು ರೌಂಡ್‌ನಲ್ಲಿ ಹೀಗೆ ಹೆಚ್ಚುವರಿಯಾಗಿ ಲೆವೆಲ್‌ನಷ್ಟು ಸಲ. 2012ರ ಅಡ್ವೆಂಚರರ್ ಕಾಂಕರರ್ ಕಿಂಗ್ ಆಟದಲ್ಲಿ ಇದಕ್ಕೆ ಹತ್ತಿರದ ನಿಯಮವಿದೆ, ಅಡ್ವಾನ್ಸ್ಡ್ ಆವೃತ್ತಿಯ ಹಳೆಯ ಹಲವು ಏಟುಗಳ ನಿಯಮಕ್ಕೆ ಇದು ಮೊಮ್ಮಗ. ನಿಮ್ಮ ತಮ್ಮನ ಲೆಕ್ಕ ಹೀಗಿದೆ. ಮೂರು ಹಿಟ್ ಪಾಯಿಂಟ್‌ನ ಗಾಬ್ಲಿನ್ ಎದುರಿದ್ದರೆ ಅವನು ಒಂದು ಏಟಿನಲ್ಲಿ ಅದನ್ನು ಕೊಲ್ಲುವ ಸಾಧ್ಯತೆ ನೂರಕ್ಕೆ 39, ಒಂದೇ ರೌಂಡ್‌ನಲ್ಲಿ ಎರಡನ್ನು ಕೊಲ್ಲುವುದು 15ರಷ್ಟು. ಎಂಟು ರೌಂಡ್‌ನ ರಾತ್ರಿಯಲ್ಲಿ ಇದು ಒಂದು ಸಲ ಆಗುತ್ತದೆ. ಒಂದೇ ಸಲ, ಆದರೆ ಇಡೀ ಮೇಜು ಅದನ್ನು ನೋಡುತ್ತದೆ. ಕೊಟ್ಟ “ಒಂದು” ಕಾಣದೆ ಹೋಯಿತಲ್ಲ, ಇದು ಕಾಣುತ್ತದೆ. ಎಲ್ಲಿ ನಿಲ್ಲಬೇಕೆಂಬ ಯೋಚನೆಯೂ ಆಗ ಶುರುವಾಗುತ್ತದೆ: ಎಷ್ಟು ಶತ್ರುಗಳು ಕೈಗೆಟಕುತ್ತವೆ, ಅಷ್ಟೇ ಜನರ ಏಟಿಗೆ ತಾನೂ ಸಿಕ್ಕುತ್ತಾನೆ.

ಅಪಾಯ ಇಲ್ಲದಿಲ್ಲ, ಅದು ಮುಂದೆ ಬರುತ್ತದೆ. ಏಳನೆಯ ಲೆವೆಲ್‌ಗೆ ಥ್ಯಾಕೋ 14 ಆಗಿ, ಕೈಯಲ್ಲಿ ಒಂದು ಸಾಧಾರಣ ಮಾಯಾಕತ್ತಿ ಬಂದಾಗ ಗಾಬ್ಲಿನ್ ಮೇಲಿನ ಅವನ ಏಟು ನೂರಕ್ಕೆ 75 ಸಲ ಕೊಲ್ಲುತ್ತದೆ. ಆಗ ಒಂದು ರೌಂಡ್‌ನಲ್ಲಿ ಸರಾಸರಿ ಮೂರರ ಹತ್ತಿರ ಗಾಬ್ಲಿನ್‌ಗಳು ಉರುಳುತ್ತವೆ. ನನ್ನ ಮಟ್ಟಿಗೆ ಇದು ಸರಿಯೇ, ಏಳನೆಯ ಲೆವೆಲ್‌ನ ವೀರನಿಗೆ ಗಾಬ್ಲಿನ್‌ಗಳು ಹುಲ್ಲಾಗಬೇಕು. ಒಗರ್‌ನಂಥ ದೊಡ್ಡ ಜೀವಿಗಳು ಒಂದೇ ಏಟಿಗೆ ಬೀಳುವುದಿಲ್ಲವಾದ್ದರಿಂದ ಅಲ್ಲಿ ಈ ನಿಯಮ ತಾನೇ ಸುಮ್ಮನಿರುತ್ತದೆ. ನಿಮ್ಮ ಡಂಜನ್‌ನಲ್ಲಿ ಕೊನೆಯವರೆಗೂ ಸಣ್ಣ ಶತ್ರುಗಳ ದಂಡೇ ತುಂಬಿದ್ದರೆ ಮಾತ್ರ ತೊಂದರೆ. ಬಿಲ್ಲಿಗೆ ಈ ನಿಯಮ ಕೊಡಬೇಡಿ. ಕೊಟ್ಟರೆ ದೂರದಲ್ಲಿ ನಿಂತು ಬಾಣ ಬಿಡುವುದೇ ಲಾಭವಾಗಿ ಅವನು ಮುಂದೆ ಬರುವುದೇ ಇಲ್ಲ.

ಎರಡನೆಯ ಮದ್ದು ನನಗೆ ಇನ್ನೂ ಪ್ರಿಯವಾದದ್ದು. ನಮ್ಮ ಮೇಜಿನಲ್ಲಿ ಅದನ್ನು “ಪೆಟ್ಟೋ, ಪಟ್ಟೋ” ಎಂದು ಕರೆಯುತ್ತೇವೆ. ಫೈಟರ್ ಏಟು ಹಾಕುವ ಮೊದಲು ತಾನು ಮಾಡಬಯಸುವ ಒಂದು ಪಟ್ಟನ್ನು ಹೇಳಬಹುದು: ಹಿಂದಕ್ಕೆ ತಳ್ಳುತ್ತೇನೆ, ಕಾಲು ಎಳೆದು ಕೆಡವುತ್ತೇನೆ, ಕೈಯ ಕೀಲಿ ಕಿತ್ತುಕೊಳ್ಳುತ್ತೇನೆ. ಏಟು ತಾಗಿದರೆ ಪೆಟ್ಟಿನ ದಾಳವನ್ನೂ ಎಲ್ಲರೆದುರು ಉರುಳಿಸುತ್ತಾನೆ. ಆಮೇಲೆ ಆಯ್ಕೆ ಶತ್ರುವಿನದು: ಈ ಪೆಟ್ಟನ್ನು ತಿನ್ನುತ್ತೀಯೋ, ಆ ಪಟ್ಟಿಗೆ ಸಿಕ್ಕುತ್ತೀಯೋ? ಹೊಸ ಅಂಕಿಯೂ ಇಲ್ಲ, ಕೋಷ್ಟಕವೂ ಇಲ್ಲ.

ಒಂದು ರಾತ್ರಿಯ ಆಟ ಹೇಳಿದರೆ ಸ್ಪಷ್ಟವಾದೀತು. ಕಿರಿದಾದ ಕಲ್ಲಿನ ಸೇತುವೆ, ಇಪ್ಪತ್ತು ಅಡಿ ಕೆಳಗೆ ಕಪ್ಪು ನೀರು, ನಡುವೆ ಒಗರ್. ನಮ್ಮ ಫೈಟರ್ ಆಟಗಾರ್ತಿ ಮೂರನೆಯ ಲೆವೆಲ್. “ಗುರಾಣಿ ಎದೆಗೊತ್ತಿ ಅದನ್ನು ಸೇತುವೆಯಿಂದ ಆಚೆಗೆ ತಳ್ಳುತ್ತೇನೆ” ಎಂದಳು. ಏಟು ತಾಗಿತು, ಪೆಟ್ಟಿನ ದಾಳದಲ್ಲಿ ಐದು. ಒಗರ್‌ಗೆ ಆಗ ಹದಿನೇಳು ಹಿಟ್ ಪಾಯಿಂಟ್ ಇತ್ತು. ಬೀಳುವುದಕ್ಕಿಂತ ಐದು ತಿನ್ನುವುದು ಮೇಲು ಎಂದು ನಾನು ಪೆಟ್ಟನ್ನೇ ಆರಿಸಿದೆ. ಮುಂದಿನ ರೌಂಡ್ ತಪ್ಪಿತು. ಅದರ ಮುಂದಿನದರಲ್ಲಿ ಮತ್ತೆ ಐದು, ಮತ್ತೆ ಪೆಟ್ಟು ತಿಂದಿತು. ಈಗ ಉಳಿದದ್ದು ಏಳು. ಐದನೆಯ ರೌಂಡ್‌ಗೆ ಅವಳ ದಾಳ ಉರುಳಿ ನಿಂತಾಗ ಎಂಟು ಬಿದ್ದಿತ್ತು. ಮೇಜಿನ ಸುತ್ತ ಎಲ್ಲರೂ ಎದ್ದು ನಿಂತಿದ್ದರು. ಪೆಟ್ಟು ತಿಂದರೆ ಸಾವು, ಆದ್ದರಿಂದ ಒಗರ್ ಬಿದ್ದಿತು. ಇಪ್ಪತ್ತು ಅಡಿಗೆ ಎರಡು ಆರು ಮುಖದ ದಾಳ: ಐದು. ಎರಡು ಹಿಟ್ ಪಾಯಿಂಟ್ ಉಳಿಸಿಕೊಂಡು ಆ ಒಗರ್ ಕತ್ತಲಲ್ಲಿ ಈಜಿ ಹೋಯಿತು. ಮೂರು ವಾರಗಳ ನಂತರ ಅದೇ ಒಗರ್ ಬೇರೆ ಕಡೆ ಎದುರಾದಾಗ ಅದು ಮೊದಲು ನೋಡಿದ್ದು ಆ ಗುರಾಣಿಯನ್ನು. ಆ ಆಟಗಾರ್ತಿ ಇವತ್ತಿಗೂ ಮಂತ್ರವಾದಿಯ ಪಾತ್ರ ಕೇಳಿಲ್ಲ.

ಈ ನಿಯಮದ ಅಪಾಯ ಆಡಿಸುವವರಲ್ಲಿದೆ. ಶತ್ರುವಿನ ಪರವಾಗಿ ನೀವು ಪ್ರಾಮಾಣಿಕವಾಗಿ ಆರಿಸಬೇಕು. ನಿಮ್ಮ ಮುದ್ದಿನ ಖಳನಾಯಕನನ್ನು ಉಳಿಸಲು ಸದಾ ಅನುಕೂಲದ್ದನ್ನೇ ಆರಿಸುತ್ತಾ ಹೋದರೆ ಆಟಗಾರರು ಬೇಗ ಹಿಡಿದುಬಿಡುತ್ತಾರೆ. “ತಲೆ ಕಡಿಯುತ್ತೇನೆ” ಎಂಬಂಥ, ಕೊಲ್ಲುವುದಕ್ಕೇ ಸಮನಾದ ಪಟ್ಟುಗಳು ಬೇಡ ಎಂದು ಮೊದಲೇ ಹೇಳಿ. ಇದಕ್ಕೆ ಸೋದರಸಂಬಂಧಿಯೊಂದು 2012ರ ಡಂಜನ್ ಕ್ರಾಲ್ ಕ್ಲಾಸಿಕ್ಸ್ ಆಟದಲ್ಲಿದೆ. ಅಲ್ಲಿ ಯೋಧನಿಗೆ ಒಂದು ಹೆಚ್ಚುವರಿ ದಾಳ, ಅದರಲ್ಲಿ ಮೂರು ಅಥವಾ ಹೆಚ್ಚು ಬಿದ್ದು ಏಟೂ ತಾಗಿದರೆ ಹೇಳಿದ ಸಾಹಸ ನಡೆಯುತ್ತದೆ. ಚೆಲುವಾದ ನಿಯಮ. ಆದರೆ ಆ ದಾಳ ತಾಗುವುದಕ್ಕೂ ಪೆಟ್ಟಿಗೂ ಸೇರುವುದರಿಂದ 1981ರ ಅಂಕಿಗಳ ಮೇಲೆ ಕೂರಿಸಿದರೆ ಬಿಗಿಯಾಗುತ್ತದೆ.

ಗುರಾಣಿ ಮುರಿಯುವ ನಿಯಮವನ್ನೂ ನೀವು ಕೇಳಿರಬಹುದು: ಬಿದ್ದ ಪೆಟ್ಟನ್ನು ಗುರಾಣಿಗೆ ಕೊಟ್ಟರೆ ಗುರಾಣಿ ಚೂರಾಗುತ್ತದೆ, ಪೆಟ್ಟು ಪೂರ್ತಿ ತಪ್ಪುತ್ತದೆ. ಇದೂ ಒಳ್ಳೆಯ ಆಯ್ಕೆಯೇ, ಒಂದು ಕ್ಷಣ ಕೈ ನಡುಗಿಸುವಂಥದ್ದು. ನಿಮ್ಮ ಮೇಜಿಗೆ ಮಾತ್ರ ಈಗಲೇ ಬೇಡ. ಗುರಾಣಿಯ ಬೆಲೆ 10 ಚಿನ್ನದ ನಾಣ್ಯ, ನಿಮ್ಮಲ್ಲಿ ಹೊರೆಯ ನಿಯಮವಿಲ್ಲ. ಎರಡೇ ವಾರದಲ್ಲಿ ಎಲ್ಲರ ಬೆನ್ನ ಮೇಲೂ ಆರಾರು ಗುರಾಣಿ ಇರುತ್ತವೆ.

ಥ್ಯಾಕೋ ವಿಷಯಕ್ಕೆ ಚಿಕ್ಕ ತಿದ್ದುಪಡಿ ಸಾಕು. ಎರಡನೆಯ ಲೆವೆಲ್‌ಗೆ 18, ಮೂರನೆಯದಕ್ಕೆ 17 ಎಂದು ಫೈಟರ್‌ಗೆ ಮಾತ್ರ ಲೆವೆಲ್‌ಗೊಂದು ಇಳಿಸಿ. 1989ರ ಎರಡನೆಯ ಆವೃತ್ತಿಯಲ್ಲಿ ಯೋಧರು ಲೆವೆಲ್‌ಗೊಂದು ಮೆಟ್ಟಿಲು ಏರುವುದು ಹೀಗೆಯೇ. ಇದನ್ನು ಮಾಡಿದರೆ ನೀವು ಈಗಾಗಲೇ ಕೊಟ್ಟಿರುವ ಆ ಹೆಚ್ಚಿನ “ಒಂದ”ನ್ನು ಹಿಂದಕ್ಕೆ ತೆಗೆದುಕೊಳ್ಳಿ. ತಮ್ಮ ಬೇಸರಪಡುವುದಿಲ್ಲ, ಅವನಿಗೆ ಸಿಗುವುದು ಎರಡು.

ಕ್ರಮ ಹೀಗಿರಲಿ: ಬರುವ ಎರಡು ಶನಿವಾರ ಹೊಸ ನಿಯಮ ಏನೂ ಬೇಡ; ಮೊರೇಲ್ ಮರಳಿ ತನ್ನಿ, ಹೋರಾಟವನ್ನು ಮೂರಾಗಿ ಒಡೆಯಿರಿ, ಎಲ್ಲಾದರೂ ಒಂದು ಬುದ್ಧಿಯುಳ್ಳ ಕತ್ತಿಯನ್ನು ಇಡಿ. ಆಮೇಲೆ ಕ್ಲೀವ್, ಅಥವಾ ಪೆಟ್ಟೋ ಪಟ್ಟೋ. ಎರಡನ್ನೂ ಒಟ್ಟಿಗೆ ತಂದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಆರಿಸುವ ಕೆಲಸವನ್ನು ತಮ್ಮನಿಗೇ ಬಿಡಿ, ಆದರೆ ಥೀಫ್ ಆಡುವ ಗೆಳೆಯ ಎದುರಿಗಿರುವಾಗ. ಒಂದು ಹಾಳೆಯಲ್ಲಿ ಬರೆದು, ಆರು ವಾರಕ್ಕೆ ಮಾತ್ರ ಎಂದು ಕೆಳಗೆ ದಿನಾಂಕ ಹಾಕಿ. ಕೊನೆಯ ದಿನವಿಲ್ಲದೆ ಕೊಟ್ಟ ನಿಯಮವನ್ನು ಹಿಂದಕ್ಕೆ ಪಡೆಯುವುದು ಮಗುವಿನ ಕೈಯ ಆಟಿಕೆ ಕಿತ್ತುಕೊಂಡಂತೆ. ನಾನು ಆ ಜಗಳದಲ್ಲಿ ಒಬ್ಬ ಒಳ್ಳೆಯ ಗೆಳೆಯನೊಂದಿಗೆ ಎಂಟು ತಿಂಗಳು ಮಾತು ಬಿಟ್ಟಿದ್ದೆ.

ಡ್ವಾರ್ಫ್‌ಗೆ ಬೇಡ. ನಿಮ್ಮ ಪುಸ್ತಕದ ಡ್ವಾರ್ಫ್ ಫೈಟರ್‌ನಷ್ಟೇ ಚೆನ್ನಾಗಿ ಹೋರಾಡುತ್ತಾನೆ, ಹಿಟ್ ಪಾಯಿಂಟ್‌ಗೆ ಅದೇ ಎಂಟು ಮುಖದ ದಾಳ. ಅದರ ಮೇಲೆ ಕತ್ತಲಲ್ಲಿ ಕಣ್ಣು ಕಾಣುತ್ತದೆ, ವಿಷಕ್ಕೂ ಮಂತ್ರಕ್ಕೂ ಬಗ್ಗದ ಮೈ. ಇಷ್ಟಕ್ಕೆ ಎರಡನೆಯ ಲೆವೆಲ್ ಮುಟ್ಟಲು ಅವನು ಕೊಡುವ ಹೆಚ್ಚಿನ ಬೆಲೆ 200 ಅಂಕ ಮಾತ್ರ, ಫೈಟರ್‌ನ 2000ಕ್ಕೆ ಅವನದು 2200. ಹನ್ನೆರಡನೆಯ ಲೆವೆಲ್‌ಗೆ ಅವನ ದಾರಿ ಮುಗಿಯುತ್ತದೆ ನಿಜ, ಆದರೆ ಅಲ್ಲಿಯವರೆಗೆ ಆಡಿದ ಗುಂಪು ನನ್ನ ಕಣ್ಣಿಗೆ ಬಿದ್ದಿರುವುದು ಎರಡೇ. ಡ್ವಾರ್ಫ್ ಆಡುವವರು ಕೇಳಿದರೆ ಈ ಅಂಕಿಗಳನ್ನೇ ಅವರ ಮುಂದಿಡಿ. ಎಲ್ಫ್ ಯಾರಾದರೂ ಬಂದು ಸೇರಿದರೆ ಅವರಿಗಂತೂ ಇಲ್ಲವೇ ಇಲ್ಲ. ಕತ್ತಿಯ ಜೊತೆ ಮಂತ್ರವೂ ಅವರ ಕೈಯಲ್ಲಿರುತ್ತದೆ.